ಅಂಗ ಕಸಿಯಾದವರಿಗೆ ವಯಸ್ಸಾದಾಗ: ಗುಳಿಗೆ ಬಿಡಬೇಡಿ, ಜ್ವರಕ್ಕಾಗಿ ಕಾಯಬೇಡಿ



ಕಳೆದ ಮಾಸಿಕ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿ ಆಲೂರು ಕಡೆಯ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ಕಿಡ್ನಿ ಕಸಿಯಾಗಿ ಹನ್ನೆರಡು ವರ್ಷ. "ಸೆಕ್ರೆಟರಿಯವರೇ, ಒಂದು ಮಾತು ಕೇಳ್ತೀನಿ. ವಯಸ್ಸಾದಂಗ ರೋಗನಿರೋಧಕ ಶಕ್ತಿ ತಾನೇ ಕಡಿಮಿ ಆಗ್ತೈತಿ ಅಂತಾರ. ನಾನು ನುಂಗೋ ಗುಳಿಗೀನೂ ಅದನ್ನ ಕಡಿಮಿ ಮಾಡೋದಕ್ಕೇ. ಹಂಗಾದ್ರ ಇನ್ನ ಗುಳಿಗಿ ಯಾಕ ಬೇಕು?" ಎಂದರು.

ಆಗ ನಾನು "ಡಾಕ್ಟರನ್ನ ಕೇಳದೆ ಏನೂ ಬಿಡಬೇಡ್ರಿ" ಎಂದಷ್ಟೇ ಹೇಳಿ ಬಂದೆ. ಮನೆಗೆ ಬಂದ ಮೇಲೆ ಸಮಾಧಾನವಾಗಲಿಲ್ಲ. ಅವರ ಪ್ರಶ್ನೆಯಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಪ್ರಾಣಕ್ಕೆ ಬರುವಂಥದ್ದು. ನಮ್ಮ ಸಂಘದಲ್ಲಿಯೇ ಕಸಿ ಮಾಡಿಸಿಕೊಂಡವರು, ಕಿಡ್ನಿ ಕೊಟ್ಟವರು, ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ಇದ್ದಾರೆ. ಹಿಂದೆ ಕಸಿಯಾದವರು ಹೆಚ್ಚು ವರ್ಷ ಬದುಕುವುದೇ ಕಷ್ಟವಿತ್ತು. ಈಗ ನಲವತ್ತರಲ್ಲಿ, ಐವತ್ತರಲ್ಲಿ ಕಸಿಯಾದವರು ಅರವತ್ತು, ಎಪ್ಪತ್ತು ದಾಟುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಆ ವಯಸ್ಸಿಗೆ ಬೇಕಾದ ಎಚ್ಚರ ಬೇರೆ.

ನಾನು ಡಾಕ್ಟರಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಚೇರಿಯಲ್ಲಿ ಕಡತ ನೋಡಿದ ಗುಮಾಸ್ತ. ನಮ್ಮ ಭಾವನವರ ಕಾಯಿಲೆಯ ಕಾರಣ ಹದಿನಾರು ವರ್ಷಗಳಿಂದ ಕೇಳಿದ್ದು, ಓದಿದ್ದು, ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಔಷಧಿಯ ಪ್ರಮಾಣವನ್ನು ಹೇಳಬೇಕಾದವರು ನಿಮ್ಮ ಡಾಕ್ಟರೇ.

ದೇಹ ಬೇರೆಯವರ ಅಂಗವನ್ನು ಯಾಕೆ ಬೇಡ ಅನ್ನುತ್ತದೆ?

ನಮ್ಮ ರಕ್ತದಲ್ಲಿರುವ ಬಿಳಿ ರಕ್ತಕಣಗಳಿಗೆ ಒಂದೇ ಮುಖ್ಯ ಕೆಲಸ. ಇದು ನಮ್ಮದು, ಇದು ಹೊರಗಿನದು ಎಂದು ಗುರುತಿಸಿ, ಹೊರಗಿನದನ್ನು ಹೊಡೆಯುವುದು. ಹೊರಗಿನಿಂದ ಬಂದದ್ದು ಕ್ಷಯದ ಕ್ರಿಮಿಯೋ, ಅಕ್ಕ ಪ್ರೀತಿಯಿಂದ ಕೊಟ್ಟ ಕಿಡ್ನಿಯೋ ಎಂಬ ಭೇದ ಅವಕ್ಕೆ ಗೊತ್ತಿಲ್ಲ. ಎರಡನ್ನೂ ಹೊಡೆಯಲು ಹೋಗುತ್ತವೆ. ಇದಕ್ಕೇ 'ರಿಜೆಕ್ಷನ್' ಅಂದರೆ ಅಂಗ ತಿರಸ್ಕಾರ ಎನ್ನುತ್ತಾರೆ.

ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಎಂಬುವರ ಕಿಡ್ನಿಯನ್ನು ಅವರ ಸಹೋದರ ರಿಚರ್ಡ್‌ಗೆ ಹಾಕಿದರು. ಇಬ್ಬರೂ ಒಂದೇ ರೂಪದ ಅವಳಿಗಳು. ಹಾಗಾಗಿ ರಿಚರ್ಡ್ ಅವರ ದೇಹಕ್ಕೆ ಅದು ಬೇರೆಯವರದೆಂದು ತಿಳಿಯಲೇ ಇಲ್ಲ. ರಿಚರ್ಡ್ ಎಂಟು ವರ್ಷ ಬದುಕಿದರು. ಅವಳಿಗಳಲ್ಲದವರಿಗೆ ಕಸಿ ಮಾಡಬೇಕಾದರೆ ದೇಹದ ಕಾವಲನ್ನು ಔಷಧಿಯಿಂದ ತಗ್ಗಿಸಲೇಬೇಕಾಯಿತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಯಶಸ್ವಿಯಾಗಿ ಕಿಡ್ನಿ ಕಸಿ ನಡೆಯಿತು. ಆ ಕಾಲದಲ್ಲಿ ಇದ್ದ ಔಷಧಿಗಳು ಕೆಲವೇ ಕೆಲವು.

ದೊಡ್ಡ ಬದಲಾವಣೆ ತಂದದ್ದು ಮಣ್ಣು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಬೂಷ್ಟಿನಿಂದ ಸೈಕ್ಲೋಸ್ಪೋರಿನ್ ಬಂತು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1984ರಲ್ಲಿ ಟ್ಯಾಕ್ರೋಲಿಮಸ್ ಸಿಕ್ಕಿತು. ಇಂದು ನಮ್ಮಲ್ಲಿ ಕಸಿಯಾದ ಹೆಚ್ಚಿನವರ ಚೀಟಿಯಲ್ಲಿ ಇರುವ ಹೆಸರುಗಳು ಮೂರು: ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್ ಮತ್ತು ಪ್ರೆಡ್ನಿಸೊಲೋನ್. ಮೊದಲನೆಯದು ಕಾವಲಿನ ಕಣಗಳು ಎಚ್ಚರಗೊಳ್ಳದಂತೆ ತಡೆಯುತ್ತದೆ, ಎರಡನೆಯದು ಅವು ಸಂಖ್ಯೆಯಲ್ಲಿ ಬೆಳೆಯದಂತೆ ನೋಡಿಕೊಳ್ಳುತ್ತದೆ, ಮೂರನೆಯದು ಸ್ಟೆರಾಯ್ಡ್, ಒಟ್ಟಾರೆ ಉರಿಯೂತವನ್ನು ಇಳಿಸುತ್ತದೆ.

ಇಲ್ಲಿ ಒಂದು ಸಂದೇಹ ಬರಬಹುದು. 2006ರಲ್ಲಿ ಡಾ. ರಾಜಕುಮಾರ್ ಅವರ ಕಣ್ಣು, 2021ರಲ್ಲಿ ಪುನೀತ್ ರಾಜಕುಮಾರ್ ಅವರ ಕಣ್ಣು ದಾನವಾದವು. ಕಣ್ಣು ಪಡೆದವರೂ ಜೀವನವಿಡೀ ಇಂಥ ಗುಳಿಗೆ ನುಂಗಬೇಕೇ? ಸಾಮಾನ್ಯವಾಗಿ ಬೇಡ. ಕಸಿ ಮಾಡುವುದು ಕಣ್ಣಿನ ಮುಂಭಾಗದ ಕಾರ್ನಿಯಾ ಎಂಬ ಪಾರದರ್ಶಕ ಪದರವನ್ನು. ಅದರಲ್ಲಿ ರಕ್ತನಾಳಗಳಿಲ್ಲ. ಕಾವಲಿನ ಕಣಗಳು ಅಲ್ಲಿಗೆ ಸುಲಭವಾಗಿ ಹೋಗುವುದಿಲ್ಲ. ಹೆಚ್ಚಿನವರಿಗೆ ಕಣ್ಣಿಗೆ ಹಾಕುವ ಹನಿಯೇ ಸಾಕಾಗುತ್ತದೆ. ಕಿಡ್ನಿ, ಲಿವರ್, ಹೃದಯಗಳ ವಿಷಯ ಹಾಗಲ್ಲ. ಅವುಗಳಲ್ಲಿ ಪ್ರತಿ ಕ್ಷಣ ರಕ್ತ ಹರಿಯುತ್ತಿರುತ್ತದೆ.

ವಯಸ್ಸಾದಂತೆ ಕಾವಲಿಗೆ ಏನಾಗುತ್ತದೆ?

ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಥೈಮಸ್ ಎಂಬ ಸಣ್ಣ ಗ್ರಂಥಿಯಿದೆ. ಅದರ ಕೆಲಸವೇನೆಂದು 1961ರವರೆಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದರು. 'ಟಿ ಕಣ' ಎಂಬ ಮುಖ್ಯ ಕಾವಲು ಕಣಗಳಿಗೆ ತರಬೇತಿ ಸಿಗುವುದು ಅಲ್ಲಿಯೇ. ಹರೆಯ ಬಂದ ಮೇಲೆ ಈ ಗ್ರಂಥಿ ಕುಗ್ಗುತ್ತಾ ಹೋಗುತ್ತದೆ. ಅರವತ್ತು ದಾಟಿದವರಲ್ಲಿ ಅದರ ಬಹುಭಾಗ ಕೊಬ್ಬಾಗಿರುತ್ತದೆ.

ನಮ್ಮ ಕಚೇರಿಯ ಲೆಕ್ಕದಲ್ಲಿ ಹೇಳುವುದಾದರೆ, ಹೊಸ ನೇಮಕಾತಿ ನಿಂತುಹೋದಂತೆ. ಇರುವ ಹಳೆಯ ಸಿಬ್ಬಂದಿ ಹಳೆಯ ಕಡತಗಳನ್ನು ಚೆನ್ನಾಗಿ ಬಲ್ಲರು. ಚಿಕ್ಕಂದಿನಲ್ಲಿ ಬಂದ ಕಾಯಿಲೆ ಮತ್ತೆ ಬಂದರೆ ತಕ್ಷಣ ಗುರುತು ಹಿಡಿಯುತ್ತಾರೆ. ಹೊಸ ಕಡತ ಬಂದರೆ ತೆಗೆದುಕೊಳ್ಳುವವರೇ ಇಲ್ಲ. ಕೋವಿಡ್ ಬಂದಾಗ ವಯಸ್ಸಾದವರೇ ಹೆಚ್ಚು ತೀರಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಜೊತೆಗೆ ಇನ್ನೂ ಮೂರು ಬದಲಾವಣೆಗಳಾಗುತ್ತವೆ.

ಒಂದು, ಪ್ರತಿವಿಷ ತಯಾರಿಸುವ 'ಬಿ ಕಣ'ಗಳ ಚುರುಕು ಇಳಿಯುತ್ತದೆ. ಅದೇ ಲಸಿಕೆಗೆ ಮೊಮ್ಮಗನ ದೇಹ ಕೊಡುವಷ್ಟು ಉತ್ತರವನ್ನು ಅಜ್ಜನ ದೇಹ ಕೊಡುವುದಿಲ್ಲ.

ಎರಡು, ಸಿಎಂವಿ ಎಂಬ ಒಂದು ವೈರಸ್ ನಮ್ಮ ದೇಶದ ಬಹುತೇಕ ಎಲ್ಲ ದೊಡ್ಡವರ ದೇಹದಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಅದನ್ನು ಹಿಡಿದಿಡುವುದಕ್ಕೇ ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಕಣಗಳು ತೊಡಗುತ್ತವೆ. ಕಸಿಯಾದವರಲ್ಲಿ ಗುಳಿಗೆಗಳಿಂದ ಈ ಹಿಡಿತ ಸಡಿಲವಾದರೆ ಅದು ಎದ್ದು ಹೊಟ್ಟೆ, ಶ್ವಾಸಕೋಶ, ಕಣ್ಣುಗಳಿಗೆ ತೊಂದರೆ ಕೊಡಬಹುದು.

ಮೂರು, ಕಾವಲು ಮಂಕಾದರೂ ದೇಹದಲ್ಲಿ ಸಣ್ಣ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ. ಇಟಲಿಯ ವಿಜ್ಞಾನಿ ಕ್ಲಾಡಿಯೋ ಫ್ರಾಂಚೆಸ್ಕಿ ಅವರು 2000ದಲ್ಲಿ ಇದಕ್ಕೆ 'ಇನ್‌ಫ್ಲಮೇಜಿಂಗ್' ಎಂದು ಹೆಸರಿಟ್ಟರು. ಬೇಕಾದಾಗ ಬೆಂಕಿ ಹತ್ತುವುದಿಲ್ಲ, ಬೇಡವಾದಾಗ ಕೆಂಡ ಆರುವುದಿಲ್ಲ. ಹೃದಯ ಮತ್ತು ರಕ್ತನಾಳಗಳಿಗೆ ಇದರಿಂದ ಪೆಟ್ಟು.

ಹಾಗಾದರೆ ಗುಳಿಗೆ ಯಾಕೆ ಬೇಕು?

ಈಗ ಆಲೂರಿನ ಹಿರಿಯರ ಪ್ರಶ್ನೆಗೆ ಬರೋಣ. ಅವರು ಹೇಳಿದ ಅರ್ಧ ನಿಜ. ಕಸಿಯಾದ ಹಿರಿಯರಲ್ಲಿ ಅಂಗವನ್ನು ದೇಹ ದಿಢೀರನೆ ತಿರಸ್ಕರಿಸುವುದು ಚಿಕ್ಕ ವಯಸ್ಸಿನವರಿಗಿಂತ ಕಡಿಮೆ. ಆದರೆ ಸೋಂಕು ಮತ್ತು ಕ್ಯಾನ್ಸರ್ ಅವರಿಗೆ ಹೆಚ್ಚು. ಕ್ಯಾನ್ಸರ್ ಯಾಕೆಂದರೆ, ದಾರಿ ತಪ್ಪಿ ಬೆಳೆಯುವ ನಮ್ಮದೇ ಜೀವಕೋಶಗಳನ್ನು ಹುಡುಕಿ ಮುಗಿಸುವುದೂ ಇದೇ ಕಾವಲಿನ ಕೆಲಸ. ವಯಸ್ಸಾದವರಲ್ಲಿ ಎಷ್ಟೋ ಸಲ ಕೊನೆಯವರೆಗೂ ಕಸಿ ಕಿಡ್ನಿ ಚೆನ್ನಾಗಿಯೇ ನಡೆಯುತ್ತಿರುತ್ತದೆ. ಮನುಷ್ಯ ಮಾತ್ರ ಸೋಂಕಿನಿಂದಲೋ, ಹೃದಯದ ತೊಂದರೆಯಿಂದಲೋ, ಕ್ಯಾನ್ಸರಿನಿಂದಲೋ ಹೋಗಿಬಿಡುತ್ತಾನೆ.

ಅದಕ್ಕೇ ವಯಸ್ಸಾದವರಿಗೆ ಡಾಕ್ಟರುಗಳು ಕೆಲವೊಮ್ಮೆ ಔಷಧಿಯನ್ನು ಇಳಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ವಯಸ್ಸಾದಂತೆ ಲಿವರ್ ಔಷಧಿಯನ್ನು ನಿಧಾನವಾಗಿ ಕರಗಿಸುತ್ತದೆ. ನಲವತ್ತೈದರಲ್ಲಿ ಸರಿಯಾಗಿದ್ದ ಅದೇ ಟ್ಯಾಕ್ರೋಲಿಮಸ್ ಗುಳಿಗೆ, ಎಪ್ಪತ್ತರಲ್ಲಿ ರಕ್ತದಲ್ಲಿ ಹೆಚ್ಚಾಗಿ ನಿಲ್ಲಬಹುದು. ಹೆಚ್ಚಾದರೆ ಕೈ ನಡುಗುತ್ತದೆ, ಸಕ್ಕರೆ ಏರುತ್ತದೆ, ಕಾಪಾಡಬೇಕಾದ ಕಿಡ್ನಿಗೇ ಹಾನಿ ಮಾಡುತ್ತದೆ.

ಆದರೆ ಇಳಿಸುವುದು ಬೇರೆ, ಬಿಡುವುದು ಬೇರೆ. ಮೇಲೆ ಹೇಳಿದಂತೆ ವಯಸ್ಸಾದವರಲ್ಲಿ ಕಡಿಮೆಯಾಗುವುದು ಹೊಸ ಕಣಗಳು. ಹಳೆಯ ನೆನಪಿನ ಕಣಗಳು ಹಾಗೆಯೇ ಇರುತ್ತವೆ. ಅವು ಕಸಿ ಅಂಗವನ್ನು ಮರೆತಿರುವುದಿಲ್ಲ, ಗುಳಿಗೆಯ ಕೆಳಗೆ ಸುಮ್ಮನಿರುತ್ತವೆ ಅಷ್ಟೆ. ಗುಳಿಗೆ ಬಿಟ್ಟರೆ ಏಳುತ್ತವೆ. ಆಗೊಮ್ಮೆ ಈಗೊಮ್ಮೆ ತಪ್ಪಿಸಿದರೂ ಅಂಗದ ವಿರುದ್ಧ ಪ್ರತಿವಿಷಗಳು ಮೆಲ್ಲಗೆ ಹುಟ್ಟಿಕೊಳ್ಳಬಹುದು. ಅದರಿಂದ ನೋವಿಲ್ಲ, ಜ್ವರವಿಲ್ಲ. ವರ್ಷಗಳ ಮೇಲೆ ಕ್ರಿಯಾಟಿನಿನ್ ಏರಿದಾಗಷ್ಟೇ ತಿಳಿಯುತ್ತದೆ. ಆಗ ಹಾಳಾದದ್ದನ್ನು ಸರಿಪಡಿಸುವುದು ಬಹಳ ಕಷ್ಟ.

ಕೊಟ್ಟವರ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ವಯಸ್ಸಾದವರ ಕಿಡ್ನಿಯಲ್ಲಿ ಉರಿಯೂತದ ಸೂಚನೆಗಳು ಹೆಚ್ಚಿದ್ದು, ಪಡೆದವರ ಕಾವಲನ್ನು ಹೆಚ್ಚು ಕೆಣಕುತ್ತದೆ. ಯುರೋಪಿನಲ್ಲಿ 1999ರಿಂದ, ಮೃತಪಟ್ಟ 65 ವರ್ಷ ದಾಟಿದವರ ಕಿಡ್ನಿಯನ್ನು 65 ದಾಟಿದ ರೋಗಿಗಳಿಗೇ ಕೊಡುವ ಒಂದು ವ್ಯವಸ್ಥೆಯಿದೆ. ಹಿರಿಯರಿಗೆ ಬೇಗ ಅಂಗ ಸಿಗುವಂತಾಗಿ, ಅವರು ಡಯಾಲಿಸಿಸ್ ಮೇಲೆ ಕಾಯುವ ಕಾಲ ಕಡಿಮೆಯಾಯಿತು.

ಒಟ್ಟು ಮಾತು ಇಷ್ಟು. ಕಾವಲು ತಾನಾಗಿ ಇಳಿಯುವುದು ಒಂದು ಲೆಕ್ಕದಲ್ಲಿ, ಗುಳಿಗೆ ಇಳಿಸುವುದು ಇನ್ನೊಂದು ಲೆಕ್ಕದಲ್ಲಿ. ಎರಡನ್ನೂ ಕೂಡಿ ಕಳೆದು ಪ್ರಮಾಣ ಗೊತ್ತುಮಾಡುವುದು ರಕ್ತಪರೀಕ್ಷೆ ನೋಡಿದ ಡಾಕ್ಟರಿಂದ ಮಾತ್ರ ಸಾಧ್ಯ.

ನಮ್ಮ ಮನೆಯಲ್ಲಿ ನಡೆದದ್ದು

ನಮ್ಮ ಭಾವನವರಿಗೆ 51ನೇ ವಯಸ್ಸಿನಲ್ಲಿ ಕಸಿಯಾಯಿತು. ಕಿಡ್ನಿ ಕೊಟ್ಟವಳು ನಮ್ಮ ಅಕ್ಕ. ಈಗ ಅವರಿಗೆ 67.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ದಿನ ಭಾವ ರೊಟ್ಟಿ ಬೇಡವೆಂದರು. ಮರುದಿನ ಮೊಮ್ಮಗಳನ್ನು ಬೇರೆ ಹೆಸರಿನಿಂದ ಕರೆದರು. ಕುಳಿತಲ್ಲೇ ತೂಕಡಿಸಿದರು. ಜ್ವರ ನೋಡಿದರೆ 99. ನಾನೇ ಅಕ್ಕನಿಗೆ, "ಏನೂ ಇಲ್ಲಕ್ಕ, ವಯಸ್ಸಾತು, ನಿದ್ದಿ ಆಗಿಲ್ಲ" ಎಂದು ಸಮಾಧಾನ ಹೇಳಿದೆ. ಮೂರನೆಯ ದಿನ ಉಸಿರು ಜೋರಾಯಿತು. ಆಸ್ಪತ್ರೆಗೆ ಸೇರಿಸಿದರೆ ಎರಡೂ ಕಡೆ ನ್ಯುಮೋನಿಯಾ. ಹನ್ನೊಂದು ದಿನ ಒಳಗಿದ್ದರು.

ಅಲ್ಲಿನ ಡಾಕ್ಟರು ಬೈಯಲಿಲ್ಲ. ಆದರೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ. ಜ್ವರ ಬರುವುದು ಕ್ರಿಮಿಯಿಂದಲ್ಲ, ಕ್ರಿಮಿಯ ಜೊತೆ ಕಾವಲು ಹೊಡೆದಾಡುವುದರಿಂದ. ವಯಸ್ಸಾದವರಲ್ಲಿ ಕಾವಲು ನಿಧಾನ, ಮೇಲೆ ಸ್ಟೆರಾಯ್ಡ್ ಗುಳಿಗೆ ಬೇರೆ. ಹೊಡೆದಾಟವೇ ಇಲ್ಲದಿದ್ದರೆ ಜ್ವರ ಎಲ್ಲಿಂದ ಬರಬೇಕು? ಇಂಥವರಲ್ಲಿ ಊಟ ಬಿಡುವುದು, ಗಲಿಬಿಲಿಯಾಗುವುದೇ ಮೊದಲ ಲಕ್ಷಣ. ಮೂರು ದಿನ ಕಳೆದದ್ದು ನಮ್ಮ ತಪ್ಪೇ, ಅದರಲ್ಲಿಯೂ ನನ್ನದೇ.

ಭಾವ ಉಳಿದರು. ಆಮೇಲೆ ಅವರ ಒಂದು ಗುಳಿಗೆಯ ಪ್ರಮಾಣವನ್ನು ಡಾಕ್ಟರು ಇಳಿಸಿದರು. ಆಗ ಶುರುವಾಯಿತು ಇನ್ನೊಂದು ಕಥೆ. "ಇಳಿಸ್ಯಾರ ಅಂದ್ರ ಇನ್ನ ಬೇಕಾಗಿಲ್ಲ ಅಂತ ಅರ್ಥ" ಎಂದು ಭಾವ ಸಂಜೆಯ ಗುಳಿಗೆಯನ್ನು ಬಿಡತೊಡಗಿದರು. ದಿಂಬಿನ ಕೆಳಗೆ ನಾಲ್ಕು ಗುಳಿಗೆ ಅಕ್ಕನ ಕೈಗೆ ಸಿಕ್ಕವು. ಅಕ್ಕ ಜೋರು ಮಾತಿನವಳಲ್ಲ. ಗುಳಿಗೆಗಳನ್ನು ಅವರ ಮುಂದೆ ಇಟ್ಟು, "ಏನ್ರಿ, ಒಂದು ನಾನು ಕೊಟ್ಟೀನಿ. ಎರಡನೇದು ಕೊಡಾಕ ನನ್ನ ಹತ್ರ ಇಲ್ಲ" ಎಂದಳು. ಅಂದಿನಿಂದ ಭಾವ ತಪ್ಪಿಸಿಲ್ಲ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಕಸಿಯಾದ ಹಿರಿಯರಲ್ಲಿ ಈ ಕೆಳಗಿನ ಯಾವುದೇ ಒಂದು ಕಂಡರೂ ಅದೇ ದಿನ ಡಾಕ್ಟರಿಗೆ ತಿಳಿಸಿ.

1. ಜ್ವರ 100 ದಾಟಿದರೆ. ಜ್ವರವಿಲ್ಲದಿದ್ದರೂ ನಡುಕ ಬಂದರೆ.
2. ಇದ್ದಕ್ಕಿದ್ದಂತೆ ಗಲಿಬಿಲಿ, ಅತಿಯಾದ ನಿದ್ದೆ, ತೂರಾಡಿ ಬೀಳುವುದು.
3. ಒಂದು ದಿನಕ್ಕಿಂತ ಹೆಚ್ಚು ಊಟ ಬಿಟ್ಟರೆ, ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ.
4. ಭೇದಿ. ಭೇದಿಯಾದಾಗ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರುತ್ತದೆ, ನೀರು ಕಳೆದು ಕಿಡ್ನಿಗೂ ಪೆಟ್ಟು. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಒಂದೇ ದಿನದಲ್ಲಿ ಕೈಮೀರಬಹುದು.
5. ಮೂತ್ರ ಕಡಿಮೆಯಾಗುವುದು, ಉರಿ, ಕಾಲು ಮತ್ತು ಮುಖದ ಊತ, ಎರಡು ಮೂರು ದಿನದಲ್ಲಿ ತೂಕ ಏರುವುದು.
6. ಎರಡು ವಾರ ದಾಟಿದ ಕೆಮ್ಮು, ಸಂಜೆ ಬೆವರು, ತೂಕ ಇಳಿಯುವುದು. ಇದು ಕ್ಷಯವಿರಬಹುದು. ಚಿಕ್ಕಂದಿನಲ್ಲಿ ಒಳಸೇರಿ ಮಲಗಿದ್ದ ಕ್ಷಯದ ಕ್ರಿಮಿ ಕಾವಲು ತಗ್ಗಿದಾಗ ಏಳುತ್ತದೆ.
7. ಸೊಂಟದ ಅಥವಾ ಎದೆಯ ಒಂದೇ ಬದಿಗೆ ಉರಿಯುವ ಗುಳ್ಳೆಗಳ ಸಾಲು, ಅಂದರೆ ಸರ್ಪಸುತ್ತು. ಬೇಗ ಔಷಧಿ ಶುರುಮಾಡಿದಷ್ಟೂ ಒಳ್ಳೆಯದು.
8. ಕುತ್ತಿಗೆ, ಕಂಕುಳಲ್ಲಿ ಗಂಟು, ವಾಸಿಯಾಗದ ಹುಣ್ಣು.

ಗುಳಿಗೆಯ ವಿಷಯದಲ್ಲಿ

ಟ್ಯಾಕ್ರೋಲಿಮಸ್ ಹನ್ನೆರಡು ತಾಸಿಗೊಮ್ಮೆ ಎಂದು ಬರೆದಿದ್ದರೆ ಬೆಳಿಗ್ಗೆ ಎಂಟು, ರಾತ್ರಿ ಎಂಟು ಎಂದು ಗಂಟೆ ಕಟ್ಟಿಕೊಳ್ಳಿ. ರಕ್ತದಲ್ಲಿ ಅದರ ಮಟ್ಟ ನೋಡುವ ದಿನ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗುವವರು ಬಸ್ಸಿನಲ್ಲೇ ನುಂಗಿಬಿಡುತ್ತಾರೆ, ಲೆಕ್ಕ ತಪ್ಪಾಗಿ ಬರುತ್ತದೆ. ಗುಳಿಗೆ ಕಿಸೆಯಲ್ಲಿರಲಿ, ರಕ್ತ ಕೊಟ್ಟು ನುಂಗಿ.

ಮೆಡಿಕಲ್ ಶಾಪಿನಲ್ಲಿ "ಅದೇ ಔಷಧಿ, ಕಂಪನಿ ಬೇರೆ" ಎಂದರೆ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಈ ಔಷಧಿಯಲ್ಲಿ ಹೆಚ್ಚು ಕಡಿಮೆಗೆ ಜಾಗ ಬಹಳ ಸಣ್ಣದು. ಕಂಪನಿ ಬದಲಾದರೆ ರಕ್ತದ ಮಟ್ಟವನ್ನು ಮತ್ತೆ ನೋಡಬೇಕಾಗುತ್ತದೆ.

ಮಂಡಿ ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಗುಳಿಗೆ ತಾವಾಗಿ ತಂದು ನುಂಗಬೇಡಿ. ಕಿಡ್ನಿಗೆ ಅವು ಶತ್ರು. ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಕೆಮ್ಮಿಗೆ ಕೊಡುವ ಕ್ಲಾರಿಥ್ರೋಮೈಸಿನ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ತೀರಾ ಇಳಿಸಿಬಿಡುತ್ತದೆ. ಹಾಗೆಂದು ಕ್ಷಯದ ಔಷಧಿ ಬೇಡ ಎಂದಲ್ಲ. ಕಸಿ ಡಾಕ್ಟರಿಗೂ ಕ್ಷಯದ ಡಾಕ್ಟರಿಗೂ ಪರಸ್ಪರ ವಿಷಯ ತಿಳಿದಿರಬೇಕು. ಊರಿನ ಯಾವ ಡಾಕ್ಟರ ಬಳಿ ಹೋದರೂ ಮೊದಲ ಮಾತು, "ನನಗೆ ಕಿಡ್ನಿ ಕಸಿಯಾಗಿದೆ" ಎಂಬುದಾಗಿರಲಿ.

ಲಸಿಕೆ

ಲಸಿಕೆಯ ಪ್ರಯೋಜನ ಕಡಿಮೆಯೆಂದು ಬಿಡುವ ಹಾಗಿಲ್ಲ. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಅಂಗ ಕಸಿಯಾದವರಲ್ಲಿ ಕೋವಿಡ್ ಲಸಿಕೆಯ ಪರಿಣಾಮ ನೋಡಿದರು. ಮೊದಲ ಡೋಸಿನ ನಂತರ ಪ್ರತಿವಿಷ ಕಂಡದ್ದು ನೂರಕ್ಕೆ 17 ಮಂದಿಯಲ್ಲಿ ಮಾತ್ರ, ಎರಡನೆಯದರ ನಂತರ 54 ಮಂದಿಯಲ್ಲಿ. ಮೈಕೋಫೆನೊಲೇಟ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ, ವಯಸ್ಸಾದವರಲ್ಲಿ ಇನ್ನೂ ಕಡಿಮೆ. ಆದ್ದರಿಂದಲೇ ಅವರಿಗೆ ಹೆಚ್ಚುವರಿ ಡೋಸ್ ಬೇಕೆಂದು ನಿರ್ಧಾರವಾಯಿತು. ಲಸಿಕೆ ಅರ್ಧ ಹಿಡಿದರೂ ಲಾಭವೇ.

ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು, ನ್ಯುಮೋನಿಯಾ ಲಸಿಕೆ, ಹೆಪಟೈಟಿಸ್ ಬಿ ಲಸಿಕೆ ಇವುಗಳ ಬಗ್ಗೆ ಡಾಕ್ಟರನ್ನು ಕೇಳಿ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಲಸಿಕೆಯೂ ಈಗ ನಮ್ಮ ದೇಶದಲ್ಲಿ ಸಿಗುತ್ತದೆ, ಬೆಲೆ ಮಾತ್ರ ಹೆಚ್ಚು. ಜೀವಂತ ಕ್ರಿಮಿಯಿಂದ ಮಾಡಿದ ಲಸಿಕೆಗಳು ಕಸಿಯಾದವರಿಗೆ ಬೇಡ. ಇನ್ನೂ ಕಸಿಗಾಗಿ ಕಾಯುತ್ತಿರುವವರು ಲಸಿಕೆಗಳನ್ನು ಮೊದಲೇ ಮುಗಿಸಿಕೊಳ್ಳುವುದು ಉತ್ತಮ. ಆಗ ದೇಹ ಚೆನ್ನಾಗಿ ಸ್ಪಂದಿಸುತ್ತದೆ.

ಮೊಮ್ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವಾಗ ಒಂದು ಎಚ್ಚರ. ಹನಿಯಲ್ಲಿರುವುದು ಜೀವಂತ ವೈರಸ್, ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಆ ದಿನಗಳಲ್ಲಿ ಮಗುವನ್ನು ತೊಳೆಯುವ ಕೆಲಸ ಮನೆಯ ಬೇರೆಯವರು ಮಾಡಲಿ, ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ಮಗುವಿನ ಲಸಿಕೆ ಮಾತ್ರ ತಪ್ಪಿಸಬೇಡಿ.

ಊಟ, ಜಾತ್ರೆ, ಕಷಾಯ

ನೀರು ಕಾಯಿಸಿ ಆರಿಸಿ ಕುಡಿಯಿರಿ. ಬೀದಿಯ ಉಗ್ಗಾಣಿ ಮಿರ್ಚಿ ಬಿಟ್ಟು ಬದುಕುವುದು ಆದೋನಿಯವರಿಗೆ ಕಷ್ಟ, ನನಗೆ ಗೊತ್ತು. ಮನೆಯಲ್ಲಿ ಬಿಸಿಬಿಸಿ ಮಾಡಿ ತಿನ್ನಿ. ತೆರೆದಿಟ್ಟ ಚಟ್ನಿ, ಹೆಚ್ಚಿಟ್ಟ ಹಣ್ಣು, ಹಸಿ ಹಾಲು ಬೇಡ. ಬೂಷ್ಟು ಹಿಡಿದ ಶೇಂಗಾ ಹಸನು ಮಾಡುವುದು, ಹೊಟ್ಟು ತೂರುವುದು, ದನದ ಕೊಟ್ಟಿಗೆ ಗುಡಿಸುವುದು ಕಸಿಯಾದವರ ಕೆಲಸವಲ್ಲ. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಹೋಗುವ ಬೂಷ್ಟಿನ ಕಣಗಳಿರುತ್ತವೆ. ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಹುದು, ದೇವನಹಳ್ಳಿಯಿಂದ ಯಾರಾದರೂ ಪ್ರೀತಿಯಿಂದ ತಂದರೂ ಮನೆಯವರಿಗೆ ಕೊಡಿ.

ಶ್ರಾವಣದಲ್ಲಿ ಉರುಕುಂದ ಈರಣ್ಣನ ದರ್ಶನಕ್ಕೆ, ಮಂತ್ರಾಲಯದ ಆರಾಧನೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಜನ ಕಡಿಮೆಯಿರುವ ದಿನ, ಕಡಿಮೆಯಿರುವ ಹೊತ್ತು ನೋಡಿ, ಮಾಸ್ಕ್ ಹಾಕಿಕೊಂಡು ಹೋಗಿ.

ಕೊನೆಯದಾಗಿ ಕಷಾಯ. ಕೋವಿಡ್ ಕಾಲದಿಂದ 'ಇಮ್ಯುನಿಟಿ ಹೆಚ್ಚಿಸುವ' ಪುಡಿ, ಅಮೃತಬಳ್ಳಿ ರಸ, ಅಶ್ವಗಂಧದ ಗುಳಿಗೆ ಮನೆಮನೆಗೆ ಬಂದಿವೆ. ಕೊಡುವವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಯೋಚಿಸಿ ನೋಡಿ. ಕಸಿಯಾದವರು ಸಾವಿರಾರು ರೂಪಾಯಿ ಕೊಟ್ಟು ಕಾವಲನ್ನು ತಗ್ಗಿಸುವ ಗುಳಿಗೆ ನುಂಗುತ್ತಿದ್ದಾರೆ. ಅವರಿಗೆ ಅದನ್ನೇ ಎಬ್ಬಿಸುವ ಔಷಧಿ ಕೊಟ್ಟರೆ ಅಂಗಕ್ಕೇ ಅಪಾಯ. ಕಸಿಯಾದವರ ಮನೆಗೆ ಹೋಗುವಾಗ ಇಂಥವನ್ನು ಒಯ್ಯಬೇಡಿ ಎಂದು ಎಲ್ಲ ಸದಸ್ಯರಲ್ಲಿ ವಿನಂತಿ.

ಗಡಿಯವರಾದ ನಮ್ಮ ತೊಂದರೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಉಳಿದವು ಮೈಸೂರಿಗೆ ಹೋದವು. ಅದರ ಫಲವನ್ನು ನಮ್ಮ ರೋಗಿಗಳು ಇಂದಿಗೂ ಅನುಭವಿಸುತ್ತಿದ್ದಾರೆ. ಕಸಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಆಗಿರುತ್ತದೆ, ತುರ್ತಿಗೆ ಓಡುವುದು ಕರ್ನೂಲಿಗೋ ಬಳ್ಳಾರಿಗೋ ರಾಯಚೂರಿಗೋ. ಕಾಗದ ಇಂಗ್ಲಿಷಿನಲ್ಲಿ, ನರ್ಸಮ್ಮ ಕೇಳುವುದು ತೆಲುಗಿನಲ್ಲಿ, ಅಜ್ಜಿ ಹೇಳುವುದು ಕನ್ನಡದಲ್ಲಿ. ಗಲಿಬಿಲಿಯಾದ ರೋಗಿ ಏನು ಹೇಳಬೇಕು?

ಇದಕ್ಕೆ ಒಂದು ಸಣ್ಣ ಉಪಾಯ. ಕಸಿಯಾದ ಪ್ರತಿಯೊಬ್ಬರ ಕಿಸೆಯಲ್ಲಿ ಒಂದು ಚೀಟಿ ಇರಲಿ. ಒಂದು ಬದಿ ಕನ್ನಡ ಮತ್ತು ತೆಲುಗು, ಇನ್ನೊಂದು ಬದಿ ಇಂಗ್ಲಿಷ್. ಅದರಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು; ಯಾವ ಅಂಗ, ಯಾವ ವರ್ಷ, ಯಾವ ಆಸ್ಪತ್ರೆ; ಈಗಿನ ಗುಳಿಗೆಗಳು ಮತ್ತು ಪ್ರಮಾಣ; ಕೊನೆಯ ಕ್ರಿಯಾಟಿನಿನ್ ಮತ್ತು ತಾರೀಖು; ಹಾಕಿಸಿದ ಲಸಿಕೆಗಳು; ಕಸಿ ಡಾಕ್ಟರ ಮತ್ತು ಮನೆಯವರ ಫೋನ್. ಕೊನೆಯ ಸಾಲು: "ಜ್ವರ ಇಲ್ಲದಿದ್ದರೂ ಸೋಂಕು ಇರಬಹುದು. ದಯವಿಟ್ಟು ಪರೀಕ್ಷಿಸಿ."

ಕಸಿಗಾಗಿ ಕಾಯುವವರಿಗೂ ಒಂದು ವಿಷಯ. ಅಂಗ ಕಸಿಯ ಕಾಯ್ದೆ ಬಂದದ್ದು 1994ರಲ್ಲಿ. 2011ರ ತಿದ್ದುಪಡಿಯಿಂದ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದರು. ಮೃತರ ಅಂಗ ಪಡೆಯಲು ಹೆಸರು ಬರೆಸುವಾಗ ಮೊದಲು 65 ವರ್ಷದ ಮಿತಿ ಇತ್ತು, ಅದೇ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತೂ ಕೆಲವು ರಾಜ್ಯಗಳಲ್ಲಿ ಇತ್ತು. 2023ರ ಫೆಬ್ರವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎರಡನ್ನೂ ಕೈಬಿಡುವಂತೆ ತಿಳಿಸಿತು. ಕರ್ನಾಟಕದಲ್ಲಿ ಈ ಕೆಲಸ ನೋಡುವುದು 'ಜೀವಸಾರ್ಥಕತೆ', ಆಂಧ್ರದಲ್ಲಿ 'ಜೀವನ್‌ದಾನ್'. ವಯಸ್ಸಾಯಿತು, ಆ ರಾಜ್ಯದವರಲ್ಲ ಎಂದು ತಾವಾಗಿಯೇ ಹಿಂದೆ ಸರಿಯಬೇಡಿ, ಆಸ್ಪತ್ರೆಯಲ್ಲಿ ಕೇಳಿ. ಸರ್ಕಾರಿ ಆರೋಗ್ಯ ಕಾರ್ಡು ಗಡಿಯಾಚೆ ನಡೆಯುತ್ತದೆಯೇ ಎಂಬುದನ್ನು ಮಾತ್ರ ಸೇರುವ ಮೊದಲೇ ವಿಚಾರಿಸಿಕೊಳ್ಳಿ.

ಮುಂದಿನ ಮಾಸಿಕ ಸಭೆಗೆ ಬರುವಾಗ ಕಸಿಯಾದವರು ಅಥವಾ ಅವರ ಮನೆಯವರು ಇತ್ತೀಚಿನ ಔಷಧಿ ಚೀಟಿ ತನ್ನಿ. ಮೇಲೆ ಹೇಳಿದ ಕಿಸೆಯ ಚೀಟಿಯನ್ನು ನಾನೇ ಕೂತು ಬರೆದು ಕೊಡುತ್ತೇನೆ. ಅಕ್ಷರ ಇನ್ನೂ ದುಂಡಾಗಿಯೇ ಇದೆ. ತೆಲುಗು ಬರೆಯಲು ನಮ್ಮ ಖಜಾಂಚಿಯವರು ಒಪ್ಪಿದ್ದಾರೆ. ಬರೆದದ್ದನ್ನು ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ, ಆಮೇಲೆ ಕಿಸೆಗೆ ಹಾಕಿಕೊಳ್ಳಿ.

ಆಲೂರಿನ ಹಿರಿಯರಿಗೆ ಈ ಲೇಖನವನ್ನು ಫೋನಿನಲ್ಲಿ ಓದಿ ಹೇಳಿದೆ. ಎಲ್ಲ ಕೇಳಿ, "ಹಂಗಾದ್ರ ರಾತ್ರಿ ಎಂಟರ ಗುಳಿಗಿ ನುಂಗಿ ಬರ್ತೀನಿ, ತಡೀರಿ" ಎಂದು ಫೋನ್ ಇಟ್ಟು ಹೋದರು. ಗಡಿಯಾರ ನೋಡಿದರೆ ಎಂಟೂಕಾಲು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ